ಟಿಎಸ್‌ಎಚ್ ಇಳಿದಾಗ ಎಲುಬಿಗೆ ಏನಾಗುತ್ತದೆ?

(ಧಾರವಾಡದಲ್ಲಿ ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಥೈರಾಯ್ಡ್ ಅಂದ ಕೂಡಲೇ ನಮ್ಮ ಕಡೆ ಮಾತು ತೂಕಕ್ಕೆ ಹೋಗುತ್ತದೆ, ಕೂದಲು ಉದುರುವುದಕ್ಕೆ ಹೋಗುತ್ತದೆ, ಮುಟ್ಟಿನ ಏರುಪೇರಿಗೆ ಹೋಗುತ್ತದೆ. ಎಲುಬಿನ ಸುದ್ದಿ ಬರುವುದು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಎಲುಬು ಮುರಿದ ಮೇಲೆ. ಆಗಲೂ ತಪ್ಪು ಬಚ್ಚಲ ಕಲ್ಲಿನದೇ ಆಗುತ್ತದೆ. ಹತ್ತು ವರ್ಷಗಳಿಂದ ನುಂಗುತ್ತಿರುವ ಗುಳಿಗೆಯ ಪ್ರಮಾಣವನ್ನು ಯಾರೂ ಕೇಳುವುದಿಲ್ಲ.

ಇವತ್ತಿನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಎಲುಬನ್ನು ಸವೆಸುವುದು ಥೈರಾಯ್ಡ್ ಹಾರ್ಮೋನು ಬೇಕಾದ್ದಕ್ಕಿಂತ ಹೆಚ್ಚಾಗಿ, ತಿಂಗಳುಗಟ್ಟಲೆ ಹಾಗೇ ಉಳಿಯುವುದು. ಆ ಹೆಚ್ಚುವರಿ ನಿಮ್ಮ ಗ್ರಂಥಿಯಿಂದ ಬಂದದ್ದೋ, ಬಾಟಲಿಯಲ್ಲಿರುವ ಗುಳಿಗೆಯಿಂದ ಬಂದದ್ದೋ, ಎಲುಬಿಗೆ ಎರಡೂ ಒಂದೇ. ಗ್ರಂಥಿಯ ರೋಗ ಇವತ್ತಲ್ಲ ನಾಳೆ ಕೈನಡುಕ, ಎದೆಬಡಿತ ಎಂದು ತೋರಿಸಿಕೊಳ್ಳುತ್ತದೆ. ಗುಳಿಗೆಯ ಹೆಚ್ಚುವರಿ ಸದ್ದಿಲ್ಲದೆ ವರ್ಷಗಟ್ಟಲೆ ನಡೆಯಬಹುದು. ನನಗೆ ಹೆಚ್ಚು ಕಾಳಜಿ ಅದರದೇ.

ವರದಿಯನ್ನು ತಿರುಗಿಸಿ ಓದಬೇಕು

ಥೈರಾಯ್ಡ್ ಎಂಬುದು ಕುತ್ತಿಗೆಯ ಮುಂದೆ, ಶ್ವಾಸನಾಳಕ್ಕೆ ಅಂಟಿಕೊಂಡಿರುವ 15ರಿಂದ 20 ಗ್ರಾಂ ತೂಕದ ಗ್ರಂಥಿ. ಅದು ಟಿ-4 ಮತ್ತು ಟಿ-3 ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಟಿ-4 ರಕ್ತದಲ್ಲಿ ನಿಧಾನವಾಗಿ ಕರಗುತ್ತದೆ, ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ದೇಹ ಅದರಿಂದಲೇ ಬೇಕಾದಷ್ಟು ಟಿ-3 ಮಾಡಿಕೊಳ್ಳುತ್ತದೆ; ಜೀವಕೋಶದೊಳಗೆ ಹೋಗಿ ಕೆಲಸ ಮಾಡುವುದು ಟಿ-3. ಇವೆರಡೂ ಎಷ್ಟಿವೆ ಎಂದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸದಾ ನೋಡುತ್ತಿರುತ್ತದೆ. ಕಡಿಮೆಯಾದರೆ ಟಿಎಸ್‌ಎಚ್ ಎಂಬ ತನ್ನ ಹಾರ್ಮೋನನ್ನು ಹೆಚ್ಚು ಕಳಿಸಿ ಥೈರಾಯ್ಡನ್ನು ದುಡಿಸುತ್ತದೆ. ಹೆಚ್ಚಾದರೆ ಟಿಎಸ್‌ಎಚ್ ಕಳಿಸುವುದನ್ನೇ ನಿಲ್ಲಿಸುತ್ತದೆ.

ಅಂದರೆ ಟಿಎಸ್‌ಎಚ್ 12 ಬಂದರೆ ಥೈರಾಯ್ಡ್ ಹಾರ್ಮೋನು ಕಡಿಮೆ ಇದೆ ಎಂದರ್ಥ, 0.05 ಬಂದರೆ ಹೆಚ್ಚಿದೆ ಎಂದರ್ಥ. ಹೆಚ್ಚಿನ ಲ್ಯಾಬುಗಳು ಸುಮಾರು 0.4ರಿಂದ 4ರವರೆಗೆ ಸಹಜ ಎಂದು ಬರೆಯುತ್ತವೆ. ಇಲ್ಲಿ ಆಗುವ ಎಡವಟ್ಟು ಇದು: ವರದಿಯಲ್ಲಿ 0.05ರ ಪಕ್ಕ ಕೆಳಮುಖದ ಬಾಣ ಇರುತ್ತದೆ, ಮನೆಯವರು ನೋಡಿ "ಥೈರಾಯ್ಡ್ ಕಡಿಮಿ ಆಗೈತಿ" ಎಂದು ಅರ್ಧ ಗುಳಿಗೆ ಹೆಚ್ಚಿಸುತ್ತಾರೆ. ಇಳಿಸಬೇಕಾದ ಕಡೆ ಏರಿಸಿದಂತಾಯಿತು. ಆಮೇಲೆ ಒಂದು ವರ್ಷ ರಕ್ತ ಪರೀಕ್ಷೆಯೇ ಇಲ್ಲ. ವಾಟ್ಸಾಪಿನಲ್ಲಿ ವರದಿಯ ಫೋಟೋ ಕಳಿಸಿ ನೆಂಟರ ಸಲಹೆ ಕೇಳುವವರು ಇದನ್ನೊಂದು ನೆನಪಿಡಿ.

ಎಲುಬು ಕಲ್ಲಲ್ಲ

ದೊಡ್ಡವರ ದೇಹದಲ್ಲೂ ಪ್ರತಿ ವರ್ಷ ಸುಮಾರು ಶೇ. 10ರಷ್ಟು ಎಲುಬು ಹಳೆಯದು ಹೋಗಿ ಹೊಸದಾಗುತ್ತದೆ. ಹುಬ್ಬಳ್ಳಿಯ ರಸ್ತೆಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅಗೆಯುವ ತಂಡ ಬೇರೆ, ತುಂಬುವ ತಂಡ ಬೇರೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಎಲುಬನ್ನು ಅಗೆಯುತ್ತವೆ, ಮೂರ್ನಾಲ್ಕು ವಾರದಲ್ಲಿ ಅವುಗಳ ಕೆಲಸ ಮುಗಿಯುತ್ತದೆ. ಹಿಂದೆಯೇ ಆಸ್ಟಿಯೋಬ್ಲಾಸ್ಟ್ ಕೋಶಗಳು ಬಂದು ಆ ಗುಂಡಿಯಲ್ಲಿ ಪ್ರೋಟೀನಿನ ಜಾಲ ನೇಯ್ದು, ಕ್ಯಾಲ್ಸಿಯಂ ಹಿಡಿಸಿ ತುಂಬುತ್ತವೆ. ತುಂಬಲು ತಿಂಗಳುಗಳೇ ಬೇಕು. ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಎರಡೂ ತಂಡಗಳಿಗೆ ಅವಸರ ಹತ್ತುತ್ತದೆ. ಒಂದೇ ಸಲ ಎಲ್ಲ ಓಣಿಗಳಲ್ಲೂ ಅಗೆತ ಶುರು. ತುಂಬುವವರು ಅರ್ಧ ತುಂಬಿ ಮುಂದಿನ ಓಣಿಗೆ ಓಡುತ್ತಾರೆ.

ಎಲುಬಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಅಳೆದವರ ಲೆಕ್ಕ ಹೀಗಿದೆ. ಆರೋಗ್ಯವಂತರಲ್ಲಿ ಒಂದು ಜಾಗ ಅಗೆದು ತುಂಬಿ ಮುಗಿಯಲು ಸುಮಾರು 200 ದಿನ. ಥೈರಾಯ್ಡ್ ಹೆಚ್ಚಾದವರಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಪ್ರತಿ ಸುತ್ತಿಗೆ ಆ ಜಾಗದ ಶೇ. 10ರ ಆಸುಪಾಸು ಎಲುಬು ನಷ್ಟವಾಗುತ್ತದೆ. ಥೈರಾಯ್ಡ್ ಕಡಿಮೆಯಾದವರಲ್ಲಿ ಅದೇ ಸುತ್ತು 700 ದಿನದಷ್ಟು ಎಳೆಯುತ್ತದೆ. ಅಲ್ಲಿ ಎಲುಬು ತೆಳ್ಳಗಾಗುವುದಿಲ್ಲ, ಆದರೆ ಹಳೆಯ ಎಲುಬು ಬದಲಾಗದೆ ಉಳಿಯುತ್ತದೆ.

ಇದು ಹೊಸ ಶೋಧವೇನಲ್ಲ. ಜರ್ಮನಿಯ ರೋಗಶಾಸ್ತ್ರಜ್ಞ ಫಾನ್ ರೆಕ್ಲಿಂಗ್‌ಹೌಸೆನ್ 1891ರಲ್ಲೇ, ಥೈರಾಯ್ಡ್ ಹೆಚ್ಚಾಗಿ ತೀರಿಕೊಂಡ ಯುವತಿಯೊಬ್ಬಳ ಉದ್ದ ಎಲುಬುಗಳು ಹುಳು ತಿಂದಂತೆ ಇದ್ದವು ಎಂದು ದಾಖಲಿಸಿದ್ದ. ಆಗ ಔಷಧಿ ಇರಲಿಲ್ಲ, ರೋಗ ಎಲುಬು ಮುರಿಯುವ ತನಕ ಬೆಳೆಯುತ್ತಿತ್ತು. ಈಗ ಅಂಥ ಸ್ಥಿತಿ ಅಪರೂಪ. ಸಣ್ಣ ಪ್ರಮಾಣದ, ದೀರ್ಘಕಾಲದ ಹೆಚ್ಚಳವೇ ಈಗಿನ ಸಮಸ್ಯೆ. 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 13 ಅಧ್ಯಯನಗಳ 70,298 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಟಿ-3, ಟಿ-4 ಸಹಜವಾಗಿದ್ದು ಟಿಎಸ್‌ಎಚ್ ಮಾತ್ರ ಕಡಿಮೆ ಇದ್ದವರಲ್ಲಿ ಸೊಂಟದ ಕೀಲಿನ ಎಲುಬು ಮುರಿಯುವ ಅಪಾಯ ಶೇ. 36ರಷ್ಟು ಹೆಚ್ಚಿತ್ತು, ಟಿಎಸ್‌ಎಚ್ 0.1ಕ್ಕಿಂತ ಕೆಳಗಿದ್ದವರಲ್ಲಿ ಶೇ. 61ರಷ್ಟು. ಅದೇ ವಿಶ್ಲೇಷಣೆಯಲ್ಲಿ ಟಿಎಸ್‌ಎಚ್ ತುಸು ಹೆಚ್ಚಿದ್ದವರಲ್ಲಿ ಅಂಥ ಅಪಾಯ ಕಾಣಲಿಲ್ಲ. "ಟಿ-3, ಟಿ-4 ನಾರ್ಮಲ್ ಅದಾವ, ಚಿಂತಿ ಇಲ್ಲ" ಎನ್ನುವ ಮಾತು ಎಲುಬಿನ ಮಟ್ಟಿಗೆ ಸಾಲದು.

ಇದರಲ್ಲಿ ಎಲ್ಲರಿಗೂ ಸಮಾನ ಅಪಾಯವಿಲ್ಲ. 30 ವರ್ಷದವರಿಗೆ ಆರು ತಿಂಗಳು ಟಿಎಸ್‌ಎಚ್ ಕೆಳಗಿದ್ದು ಸರಿಹೋದರೆ ಎಲುಬು ಬಹುಪಾಲು ಚೇತರಿಸಿಕೊಳ್ಳುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಹಾಗಲ್ಲ. ಅಗೆಯುವ ಕೋಶಗಳಿಗೆ ಕಡಿವಾಣ ಹಾಕುತ್ತಿದ್ದದ್ದು ಅಂಡಾಶಯದ ಹಾರ್ಮೋನಾದ ಈಸ್ಟ್ರೋಜನ್. ಅದು ಹೋದ ಮೊದಲ ಐದರಿಂದ ಹತ್ತು ವರ್ಷಗಳಲ್ಲಿ ಎಲುಬು ವೇಗವಾಗಿ ಕರಗುತ್ತದೆ, ಅದರ ಮೇಲೆ ಥೈರಾಯ್ಡ್ ಹೆಚ್ಚಳ ಸೇರಿದರೆ ನಷ್ಟ ಎರಡು ಕಡೆಯಿಂದ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಸುಮಾರು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಅದು 35–40ಕ್ಕೇ ಬಂದಂತೆ. ಆಪರೇಷನ್ ಕಾಗದದಲ್ಲಿ ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ನೋಡಿಕೊಳ್ಳಿ. ಎಷ್ಟೋ ಮಂದಿಗೆ ಅದು ಗೊತ್ತೇ ಇರುವುದಿಲ್ಲ.

ಗುಳಿಗೆ ಹೆಚ್ಚಾಗುವುದು ಹೇಗೆ

ಲೆವೋಥೈರಾಕ್ಸಿನ್ ಗುಳಿಗೆ ಎಂದರೆ ಟಿ-4. ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದ್ದರೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. 60 ಕಿಲೋ ಇದ್ದವರಿಗೆ 100ರ ಹತ್ತಿರ. ಗ್ರಂಥಿ ಅರ್ಧ ಕೆಲಸ ಮಾಡುತ್ತಿದ್ದರೆ 25 ಅಥವಾ 50 ಸಾಕಾಗಬಹುದು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ 12.5 ಅಥವಾ 25ರಿಂದ ಶುರು ಮಾಡಿ ನಿಧಾನ ಏರಿಸುತ್ತಾರೆ. ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡಬೇಕು. ಹದಿನೈದು ದಿನಕ್ಕೆ ನೋಡಿದರೆ ಅರ್ಧ ದಾರಿಯ ಸಂಖ್ಯೆ ಸಿಗುತ್ತದೆ, ಅದನ್ನು ನಂಬಿ ಮತ್ತೆ ಏರಿಸಿದರೆ ಮೀರಿ ಹೋಗುತ್ತದೆ.

ಒಮ್ಮೆ ಸರಿಯಾಗಿ ಕೂತ ಪ್ರಮಾಣ ಆಮೇಲೆ ಹೆಚ್ಚಾಗಿಬಿಡುವ ದಾರಿಗಳು ಹಲವು. ಗರ್ಭಿಣಿಯರಿಗೆ ಪ್ರಮಾಣ ಶೇ. 25ರಿಂದ 50ರಷ್ಟು ಏರಿಸುವುದು ಸರಿಯಾದ ಕ್ರಮ. ಹೆರಿಗೆ ಆದ ತಕ್ಷಣ ಹಿಂದಿನ ಪ್ರಮಾಣಕ್ಕೆ ಇಳಿಸಿ, ಆರು ವಾರಕ್ಕೆ ರಕ್ತ ನೋಡಬೇಕು. ಆದರೆ ಬಾಣಂತನದ ಗಡಿಬಿಡಿಯಲ್ಲಿ ಕೂಸಿನ ಲಸಿಕೆಯ ಕಾರ್ಡು ನೆನಪಿರುತ್ತದೆ, ತಾಯಿಯ ಗುಳಿಗೆ ಹಾಗೇ ಮುಂದುವರಿಯುತ್ತದೆ. ಮಗು ಶಾಲೆಗೆ ಹೋಗುವ ಹೊತ್ತಿಗೂ ಬಸಿರಿನ ಪ್ರಮಾಣವನ್ನೇ ನುಂಗುತ್ತಿರುವವರು ಸಿಗುತ್ತಾರೆ. ಇನ್ನು ತೂಕ. 78 ಕಿಲೋ ಇದ್ದಾಗ ಬರೆದ 125 ಮೈಕ್ರೋಗ್ರಾಂ, 64 ಕಿಲೋಗೆ ಇಳಿದ ಮೇಲೆ ಹೆಚ್ಚಾಗಬಹುದು. ವಯಸ್ಸಾದಂತೆಯೂ ಬೇಡಿಕೆ ಇಳಿಯುತ್ತದೆ.

ಮೂರನೆಯ ದಾರಿ ಸ್ವಲ್ಪ ಸುತ್ತಿನದು, ಎಲುಬಿನ ಕಾಳಜಿಯಿಂದಲೇ ಹುಟ್ಟುವಂಥದ್ದು. ಬೆಳಗ್ಗೆ ಥೈರಾಯ್ಡ್ ಗುಳಿಗೆ, ಅದರ ಜೊತೆಗೇ ಕ್ಯಾಲ್ಸಿಯಂ ಗುಳಿಗೆ ನುಂಗುತ್ತಾರೆ. ಕರುಳಿನಲ್ಲಿ ಕ್ಯಾಲ್ಸಿಯಂ ಥೈರಾಕ್ಸಿನ್ನನ್ನು ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಟಿಎಸ್‌ಎಚ್ 9ಕ್ಕೆ ಏರುತ್ತದೆ. ಡಾಕ್ಟರಿಗೆ ಕ್ಯಾಲ್ಸಿಯಂ ವಿಷಯ ಗೊತ್ತಿಲ್ಲ; 75 ಇದ್ದದ್ದನ್ನು 100 ಮಾಡುತ್ತಾರೆ. ಆರು ತಿಂಗಳ ನಂತರ ಕ್ಯಾಲ್ಸಿಯಂ ಡಬ್ಬಿ ಮುಗಿಯುತ್ತದೆ, ಮತ್ತೆ ತರುವುದಿಲ್ಲ. ಈಗ ಹಿಡಿದುಕೊಳ್ಳಲು ಏನೂ ಇಲ್ಲ, 100 ಪೂರ್ತಿ ಒಳಗೆ ಸೇರುತ್ತದೆ, ಟಿಎಸ್‌ಎಚ್ 0.1ಕ್ಕೆ ಕುಸಿಯುತ್ತದೆ. ಕಬ್ಬಿಣಾಂಶದ ಗುಳಿಗೆಯದೂ ಇದೇ ಆಟ. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಗುಳಿಗೆ ಹೊಟ್ಟೆಯ ಆಮ್ಲ ತಗ್ಗಿಸಿ ಹೀರಿಕೆಯನ್ನು ಕುಂದಿಸುತ್ತದೆ. ಯಾವ ಡಾಕ್ಟರ ಬಳಿ ಹೋದರೂ ನುಂಗುವ ಎಲ್ಲ ಗುಳಿಗೆಗಳ ಪಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಎಂದು ಹೇಳುವುದು ಇದಕ್ಕೇ.

ನುಂಗುವ ಕ್ರಮ ಹೀಗಿರಲಿ. ಎದ್ದ ಕೂಡಲೇ, ಹಲ್ಲುಜ್ಜಿ, ಬರೀ ನೀರಿನ ಜೊತೆ ಥೈರಾಯ್ಡ್ ಗುಳಿಗೆ. ಅಲ್ಲಿಂದ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಚಹಾ ಇಲ್ಲ, ಕಾಫಿ ಇಲ್ಲ, ಹಾಲಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶಕ್ಕೆ ನಾಲ್ಕು ಗಂಟೆ ಅಂತರ: ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ ಇಟ್ಟುಕೊಂಡರೆ ಗೊಂದಲವೇ ಇಲ್ಲ. ರಾತ್ರಿ ಮಲಗುವಾಗ ನುಂಗಿದರೂ ನಡೆಯುತ್ತದೆ, ಆದರೆ ಊಟವಾಗಿ ಮೂರು ತಾಸು ಆಗಿರಬೇಕು; ಒಂಬತ್ತೂವರೆಗೆ ಉಣ್ಣುವ ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ. ಸೋಮವಾರದ ಉಪವಾಸ, ಏಕಾದಶಿ ಎಂದು ಗುಳಿಗೆ ಬಿಡುವುದು ಬೇಡ. ಬಾಟಲಿಯನ್ನು ಒಲೆಯ ಪಕ್ಕದ ಕಪಾಟಿನಲ್ಲಿ, ಕಿಟಕಿಯ ಬಿಸಿಲಿಗೆ ಇಡಬೇಡಿ. ಗದಗದ ಏಪ್ರಿಲ್ ಬಿಸಿಲಿಗೆ ಥೈರಾಕ್ಸಿನ್ ಶಕ್ತಿಗುಂದುತ್ತದೆ, ತೇವವೂ ಆಗದು. ಮುಚ್ಚಳ ಬಿಗಿಯಾಗಿರಲಿ, ಒಳಗಿನ ತಂಪು ಕೋಣೆಯಲ್ಲಿರಲಿ.

ರಕ್ತ ಕೊಡುವ ದಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ನುಂಗಿದ ಕೆಲವು ತಾಸು ರಕ್ತದಲ್ಲಿ ಟಿ-4 ತುಸು ಏರಿರುತ್ತದೆ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುವವರು ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ಚನ್ನು ಸುಳ್ಳೇ ಕಡಿಮೆ, ಟಿ-4ನ್ನು ಸುಳ್ಳೇ ಹೆಚ್ಚು ತೋರಿಸಿ, ಇಲ್ಲದ ರೋಗ ಹುಟ್ಟಿಸುತ್ತದೆ.

ತೂಕ ಇಳಿಸಲೆಂದು ಥೈರಾಯ್ಡ್ ಸರಿ ಇದ್ದವರೂ ಈ ಗುಳಿಗೆ ನುಂಗುವುದುಂಟು. ಇಳಿಯುವುದರಲ್ಲಿ ಸ್ನಾಯುವಿನ ಪಾಲೂ ಇರುತ್ತದೆ, ಎಲುಬಿನ ಪಾಲೂ ಇರುತ್ತದೆ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಒಂದು ವಿನಾಯಿತಿ ಇದೆ. ಥೈರಾಯ್ಡ್ ಕ್ಯಾನ್ಸರಿಗೆ ಆಪರೇಷನ್ ಆದ ಕೆಲವರಲ್ಲಿ ಟಿಎಸ್‌ಎಚ್ಚನ್ನು ಬೇಕೆಂದೇ ಕೆಳಗಿಡುತ್ತಾರೆ, ಉಳಿದ ಕ್ಯಾನ್ಸರ್ ಕೋಶಗಳಿಗೆ ಅದು ಪ್ರಚೋದನೆ ಕೊಡಬಾರದು ಎಂದು. ಅವರು ಸ್ವಂತ ಬುದ್ಧಿಯಿಂದ ಗುಳಿಗೆ ಇಳಿಸಬಾರದು. ಆದರೆ ಎಷ್ಟು ಕೆಳಗೆ, ಎಷ್ಟು ವರ್ಷ ಎಂದು ಕೇಳುವುದು ಅವರ ಹಕ್ಕು.

ಗ್ರಂಥಿಯೇ ಹೆಚ್ಚು ಸುರಿಸಿದಾಗ

ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆಯಲ್ಲಿ, ಅಥವಾ ಗಂಟು ಕಟ್ಟಿದ ಗ್ರಂಥಿ ತನ್ನಷ್ಟಕ್ಕೆ ಹಾರ್ಮೋನು ಸುರಿಸತೊಡಗಿದಾಗ, ಚಿತ್ರ ಬೇರೆ. ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಸೆಖೆ ತಡೆಯುವುದಿಲ್ಲ, ಬೆರಳು ನಡುಗುತ್ತವೆ. ವಯಸ್ಸಾದವರಲ್ಲಿ ಇದಾವುದೂ ಕಾಣದೆ ಬರೀ ನಿತ್ರಾಣ, ಎದೆಬಡಿತದ ಏರುಪೇರು ಇರಬಹುದು. ಎಲುಬಿನ ದೃಷ್ಟಿಯಿಂದ ಮುಖ್ಯವಾದದ್ದು ತೊಡೆಯ ಸ್ನಾಯುಗಳ ಬಲಹೀನತೆ: ಚಾಪೆಯಿಂದ ಏಳುವಾಗ ಕೈ ಊರಬೇಕಾಗುತ್ತದೆ, ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಬೇಕಾಗುತ್ತದೆ. ಎಲುಬೂ ತೆಳು, ಕಾಲೂ ಸೋತಿದೆ. ಬೀಳುವುದಕ್ಕೆ ಇನ್ನೇನು ಬೇಕು?

ಈ ಸ್ಥಿತಿಯಲ್ಲಿ ಎಲುಬಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೋರುತ್ತದೆ. ರಕ್ತದಲ್ಲಿ ಸಾಕಷ್ಟಿದೆ ಎಂದು, ರಕ್ತದ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸುಮ್ಮನಾಗುತ್ತವೆ, ಕರುಳು ಕ್ಯಾಲ್ಸಿಯಂ ಹೀರುವುದು ಇಳಿಯುತ್ತದೆ, ಮೂತ್ರದಲ್ಲಿ ಹೋಗುವುದು ಏರುತ್ತದೆ. ಹಾಗಾಗಿ ಥೈರಾಯ್ಡ್ ಹತೋಟಿಗೆ ಬರುವ ಮೊದಲೇ ಅಂಗಡಿಯಿಂದ ಕ್ಯಾಲ್ಸಿಯಂ ತಂದು ನುಂಗುವುದರಿಂದ ಎಲುಬು ತುಂಬುವುದಿಲ್ಲ. ಮೊದಲು ರಕ್ತದ ಕ್ಯಾಲ್ಸಿಯಂ ನೋಡಿಸಿ. ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಗುಳಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ನಡೆಯುತ್ತದೆ. ಅದನ್ನು ನುಂಗುವಾಗ ಜ್ವರ, ಗಂಟಲು ನೋವು ಬಂದರೆ ಗುಳಿಗೆ ನಿಲ್ಲಿಸಿ ಅದೇ ದಿನ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ವಿರಳವಾದರೂ ಪ್ರಾಣಕ್ಕೆ ಬರುವ ಅಡ್ಡ ಪರಿಣಾಮ ಅದು. ಚಿಕಿತ್ಸೆ ಶುರುವಾದ ಕೆಲವು ತಿಂಗಳು ರಕ್ತ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಅಂಶ ಏರಿಯೇ ಇರಬಹುದು. ಲಿವರ್ ಕೆಟ್ಟಿತೆಂದು ಗಾಬರಿಯಾಗಬೇಡಿ, ಎಲುಬು ತುಂಬಿಕೊಳ್ಳುವಾಗಲೂ ಅದು ಏರುತ್ತದೆ. ಗಾಮಾ ಜಿಟಿ ಎಂಬ ಇನ್ನೊಂದು ಪರೀಕ್ಷೆ ಸಹಜವಿದ್ದರೆ ಮೂಲ ಎಲುಬೇ. ಎಲುಬಿನ ಸಾಂದ್ರತೆ ಒಂದರಿಂದ ಮೂರು ವರ್ಷಗಳಲ್ಲಿ ಮೇಲೆ ಬರುತ್ತದೆ, ವಯಸ್ಸಾದವರಲ್ಲಿ ಪೂರ್ತಿ ಬರದೆಯೂ ಇರಬಹುದು.

ಥೈರಾಯ್ಡ್ ಪೂರ್ತಿ ತೆಗೆಯುವ ಆಪರೇಷನ್ ಆದರೆ ಅದರ ಬೆನ್ನಿಗೆ ಅಂಟಿಕೊಂಡಿರುವ ನಾಲ್ಕು ಪ್ಯಾರಾಥೈರಾಯ್ಡುಗಳಿಗೆ ಪೆಟ್ಟಾಗಬಹುದು. ಮೊದಲ ಎರಡು ಮೂರು ದಿನಗಳಲ್ಲಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಕೈ ಸೆಟೆದುಕೊಳ್ಳುವುದು ಕಂಡರೆ ಕೂಡಲೇ ಹೇಳಬೇಕು. ಅದು ಕ್ಯಾಲ್ಸಿಯಂ ಕುಸಿದ ಗುರುತು.

ಉಳಿದ ಹಾರ್ಮೋನುಗಳಲ್ಲಿ ಸ್ಟಿರಾಯ್ಡ್ ಬಗ್ಗೆ ಒಂದು ಮಾತು. ಪ್ರೆಡ್ನಿಸೋಲೋನ್ ದಿನಕ್ಕೆ 5 ಮಿ.ಗ್ರಾಂ ಅಥವಾ ಹೆಚ್ಚು, ಮೂರು ತಿಂಗಳು ಮೀರಿದರೆ ಎಲುಬಿನ ರಕ್ಷಣೆಯ ಯೋಚನೆ ಮಾಡಲೇಬೇಕು. ಮಂಡಿನೋವಿಗೆ ಹೆಸರಿಲ್ಲದ ಪುಡಿ ತಂದು ತಿಂದು, ಎರಡು ದಿನದಲ್ಲಿ ಓಡಾಡುವಂತಾಗಿ, ಎರಡು ತಿಂಗಳಲ್ಲಿ ಮುಖ ದುಂಡಗಾದರೆ ಒಳಗೆ ಸ್ಟಿರಾಯ್ಡ್ ಇರುವ ಅನುಮಾನ ಇಟ್ಟುಕೊಳ್ಳಿ. ಆದರೆ ತಿಂಗಳುಗಟ್ಟಲೆ ತಿಂದದ್ದನ್ನು ಒಮ್ಮೆಲೇ ನಿಲ್ಲಿಸಬೇಡಿ. ದೇಹದ ಸ್ವಂತ ಸ್ಟಿರಾಯ್ಡ್ ಆದ ಕಾರ್ಟಿಸಾಲ್ ಮಲಗಿರುತ್ತದೆ, ಡಾಕ್ಟರ ಕೈಯಲ್ಲಿ ಹಂತಹಂತವಾಗಿ ಇಳಿಯಬೇಕು.

ಅಳೆಯುವುದು, ಉಣ್ಣುವುದು

ಎಲುಬು ಟೊಳ್ಳಾಗುವುದಕ್ಕೆ ನೋವಿಲ್ಲ. ಮುರಿದಾಗ ಮಾತ್ರ ನೋವು. ಮಂಡಿ ಸವೆದದ್ದು ಮೃದ್ವಸ್ಥಿಯ ರೋಗ, ಅದು ಬೇರೆ. ಮಂಡಿ ಎಕ್ಸ್‌ರೇ ನೋಡಿ ಎಲುಬಿನ ಗಟ್ಟಿತನ ಹೇಳಲಾಗದು. ಬೆನ್ನೆಲುಬು ಮಾತ್ರ ಕೆಲವರಲ್ಲಿ ನೋವಿಲ್ಲದೆಯೂ ಕುಸಿಯುತ್ತದೆ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಹೆಚ್ಚು ಗಿಡ್ಡಾಗಿದ್ದರೆ ಬೆನ್ನನ್ನು ಪಕ್ಕದಿಂದ ನೋಡುವ ಎಕ್ಸ್‌ರೇ ತೆಗೆಸಿ. ಹರೆಯದ ಎತ್ತರ ಗೊತ್ತಿಲ್ಲವೇ? ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನೆಟ್ಟಗೆ ನಿಲ್ಲಿ. ತಲೆಯ ಹಿಂಭಾಗ ಗೋಡೆಗೆ ತಾಗದಿದ್ದರೆ ಅದೂ ಒಂದು ಸೂಚನೆ.

ಸರಿಯಾದ ಅಳತೆ ಎಂದರೆ ಎಲುಬಿನ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್. ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದೊಳಗಿಟ್ಟು ಕೊಡುವ ಚೀಟಿ ರೋಗ ನಿರ್ಣಯವಲ್ಲ, ಅದನ್ನು ನಂಬಿ ಔಷಧಿ ಶುರು ಮಾಡುವುದೂ ಬೇಡ, ಬಿಡುವುದೂ ಬೇಡ. ಡೆಕ್ಸಾದಲ್ಲಿ ಸೊಂಟದ ಬೆನ್ನೆಲುಬು ಮತ್ತು ತೊಡೆಯ ಕೀಲು ಎರಡನ್ನೂ ನೋಡುತ್ತಾರೆ. ಥೈರಾಯ್ಡ್ ಹೆಚ್ಚಾದವರು ಮುಂದೋಳಿನ ಎಲುಬನ್ನೂ ನೋಡಲು ಕೇಳಿ. ಈ ರೋಗ ಎಲುಬಿನ ಹೊರಗಿನ ಗಟ್ಟಿ ಪದರವನ್ನೇ ಹೆಚ್ಚು ತಿನ್ನುತ್ತದೆ, ಮುಂದೋಳಿನಲ್ಲಿ ಆ ಪದರವೇ ಹೆಚ್ಚು. ವಯಸ್ಸಾದವರ ಬೆನ್ನೆಲುಬಿನಲ್ಲಿ ಸವೆತದ ಮುಳ್ಳುಗಳು ಬೆಳೆದು ಸಂಖ್ಯೆಯನ್ನು ಸುಳ್ಳೇ ಚೆನ್ನಾಗಿ ತೋರಿಸುವುದೂ ಉಂಟು. ಹರೆಯದವರ ಎಲುಬಿಗೆ ಹೋಲಿಸಿ ಕೊಡುವ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ರೋಗ. ಮುಟ್ಟು ನಿಲ್ಲದ ಹೆಂಗಸರಿಗೆ, 50 ದಾಟದ ಗಂಡಸರಿಗೆ ಅದೇ ವಯಸ್ಸಿನವರಿಗೆ ಹೋಲಿಸುವ ಜೆಡ್-ಸ್ಕೋರ್ ನೋಡಬೇಕು. ಸ್ಕ್ಯಾನಿಗೆ ಮುಂಚಿನ 24 ತಾಸು ಕ್ಯಾಲ್ಸಿಯಂ ಗುಳಿಗೆ ಬೇಡ. ಎರಡನೇ ಸಲ ಅದೇ ಯಂತ್ರದಲ್ಲಿ ಮಾಡಿಸಿ. ಬೇರೆ ಬೇರೆ ಯಂತ್ರಗಳ ಸಂಖ್ಯೆ ಹೋಲಿಸಲಾಗದು.

ಇನ್ನು ಊಟ. ಜೋಳದ ರೊಟ್ಟಿ ಉಂಡವರಿಗೆ ಎಲುಬು ಗಟ್ಟಿ ಎನ್ನುವ ಹೆಮ್ಮೆ ನಮ್ಮ ಸೀಮೆಯದು. ಜೋಳ ಒಳ್ಳೆಯ ಧಾನ್ಯ, ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಇರುವುದು 25ರಿಂದ 30 ಮಿ.ಗ್ರಾಂ ಮಾತ್ರ. ರಾಗಿಯಲ್ಲಿ 350ರ ಸುಮಾರು. ದಿನಕ್ಕೆ ದೊಡ್ಡವರಿಗೆ ಬೇಕಾದದ್ದು 1000 ಮಿ.ಗ್ರಾಂ, ಮುಟ್ಟು ನಿಂತವರಿಗೆ 1200. ಹಾಗೆಂದು ರೊಟ್ಟಿ ಬಿಟ್ಟು ಮುದ್ದೆ ಹಿಡಿಯಿರಿ ಎಂದರೆ ಇಲ್ಲಿ ಯಾರು ಕೇಳುತ್ತಾರೆ? ರೊಟ್ಟಿಯ ಪಕ್ಕದಲ್ಲಿರುವುದನ್ನು ಸರಿ ಮಾಡಿಕೊಳ್ಳಿ. ಕಾಲು ಲೀಟರ್ ಹಾಲು ಅಥವಾ ಅಷ್ಟೇ ಮೊಸರು ಸುಮಾರು 300 ಮಿ.ಗ್ರಾಂ ಕೊಡುತ್ತದೆ. 100 ಗ್ರಾಂ ಮೆಂತೆ ಪಲ್ಯದಲ್ಲಿ 270ರ ಆಸುಪಾಸು, ನುಗ್ಗೆ ಸೊಪ್ಪಿನಲ್ಲಿ 300 ದಾಟುತ್ತದೆ, ಹುರುಳಿಯಲ್ಲಿ 270ರ ಹತ್ತಿರ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಒಳ್ಳೆಯವೇ, ಆದರೆ ಒಂದು ಚಮಚದಲ್ಲಿ ಸಿಗುವುದು ಅಲ್ಪ. ಎರಡು ಹೊತ್ತು ಗಟ್ಟಿ ಮೊಸರು, ಒಂದು ಹೊತ್ತು ಸೊಪ್ಪಿನ ಪಲ್ಯ, ವಾರಕ್ಕೆರಡು ದಿನ ಹುರುಳಿ ಕಟ್ಟು ಇದ್ದರೆ ಗುಳಿಗೆಯಿಂದ 500 ಮಿ.ಗ್ರಾಂಗಿಂತ ಹೆಚ್ಚು ಬೇಕಾಗುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆ ನುಂಗಬೇಕು. ಗ್ಯಾಸಿನ ಗುಳಿಗೆ ದಿನಾ ನುಂಗುವವರಿಗೆ ಸಿಟ್ರೇಟ್ ರೂಪ ಹೊಂದುತ್ತದೆ.

ವಿಟಮಿನ್ ಡಿ ಇಲ್ಲದೆ ಕ್ಯಾಲ್ಸಿಯಂ ಸರಿಯಾಗಿ ಕರುಳು ದಾಟುವುದಿಲ್ಲ. ಉಣಕಲ್ ಕೆರೆ, ಕೆಲಗೇರಿ ಕೆರೆ ದಂಡೆಯಲ್ಲಿ ಆರು ಗಂಟೆಗೆ ನಡೆಯುವವರಿಗೆ ಕಾಲಿನ ಬಲ ಬರುತ್ತದೆ, ವಿಟಮಿನ್ ಡಿ ಬರುವುದಿಲ್ಲ. ಅದನ್ನು ಚರ್ಮದಲ್ಲಿ ಹುಟ್ಟಿಸುವ ಕಿರಣ ನೆಲಕ್ಕೆ ಮುಟ್ಟುವುದು ಬಿಸಿಲೇರಿದ ಮೇಲೆ, ಹನ್ನೊಂದರಿಂದ ಮೂರರವರೆಗೆ. ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ 60,000 ಯೂನಿಟ್ಟಿನ ಪೊಟ್ಟಣ ವಾರಕ್ಕೊಂದರಂತೆ ಎಂಟು ವಾರ ಬರೆಯುವುದು ರೂಢಿ, ಆಮೇಲೆ ತಿಂಗಳಿಗೊಂದು. ಎಂಟು ವಾರ ಎಂದದ್ದನ್ನು ಎರಡು ವರ್ಷ ವಾರವಾರ ಮುಂದುವರಿಸಿದರೆ, ಅಥವಾ 6 ಲಕ್ಷ ಯೂನಿಟ್ಟಿನ ಇಂಜೆಕ್ಷನ್ ಮೇಲಿಂದ ಮೇಲೆ ಹಾಕಿಸಿಕೊಂಡರೆ, ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಮಂಕು, ಕಿಡ್ನಿಗೆ ಪೆಟ್ಟು.

ಬೆನ್ನೆಲುಬು ಟೊಳ್ಳಾಗಿದೆ ಎಂದು ಗೊತ್ತಾದವರು ಬಗ್ಗಿ ಭಾರ ಎತ್ತಬಾರದು. ನಳದ ನೀರು ಬಿಟ್ಟ ದಿನ ಮನೆಯ ಹಿರಿಯ ಹೆಂಗಸರೇ ತುಂಬಿದ ಕೊಡ ಎತ್ತುವುದನ್ನು ನೋಡುತ್ತೇವೆ. ಪೈಪು ಹಚ್ಚಿ ತುಂಬಿಸಿ, ಇಲ್ಲವೇ ಅರ್ಧ ಕೊಡ ಮಾಡಿ.

ಔಷಧಿಯ ವಿಷಯದಲ್ಲಿ ಒಂದೇ ಎಚ್ಚರಿಕೆ. ಎಲುಬಿನ ಅಗೆತ ತಡೆಯುವ, ವಾರಕ್ಕೊಮ್ಮೆಯ ಅಲೆಂಡ್ರೋನೇಟ್ 70 ಮಿ.ಗ್ರಾಂ ಗುಳಿಗೆಯೂ ಬರಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ನೀರಿನಲ್ಲಿ. ನುಂಗಿ ಅರ್ಧ ತಾಸು ಮಲಗಬಾರದು, ಅನ್ನನಾಳ ಸುಡುತ್ತದೆ. ಆ ದಿನ ಮೊದಲು ಅದನ್ನು ನುಂಗಿ, ಅರ್ಧ ತಾಸಿಗೆ ಥೈರಾಯ್ಡ್ ಗುಳಿಗೆ, ಮತ್ತೆ ಅರ್ಧ ತಾಸಿಗೆ ಚಹಾ. ಯಾವುದೇ ಎಲುಬಿನ ಔಷಧಿಗೆ ಮೊದಲು ಟಿಎಸ್‌ಎಚ್, ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿಯ ಕ್ರಿಯಾಟಿನಿನ್ ನೋಡಿರಬೇಕು. ಥೈರಾಯ್ಡ್ ಹೆಚ್ಚಿದ್ದುಕೊಂಡೇ ಎಲುಬಿಗೆ ದುಬಾರಿ ಇಂಜೆಕ್ಷನ್ ಹಾಕಿಸುವುದರಲ್ಲಿ ಅರ್ಥವಿಲ್ಲ.

ಸಭಿಕರ ಪ್ರಶ್ನೆಗಳು

"ಹಂಗಾದ್ರ ಥೈರಾಯ್ಡ್ ಗುಳಿಗಿ ಬಿಟ್ಟಬಿಟ್ರ ಎಲುಬು ಉಳಿತಾವಲ್ರೀ?"

ಇಲ್ಲ ತಾಯಿ. ಸರಿಯಾದ ಪ್ರಮಾಣದ ಗುಳಿಗೆ ಎಲುಬನ್ನು ಕೆಡಿಸುವುದಿಲ್ಲ. ಬಿಟ್ಟರೆ ಹೃದಯ, ಕೊಲೆಸ್ಟ್ರಾಲ್, ಮೈಯ ಚುರುಕು ಎಲ್ಲ ಹಾಳು. ಸ್ನಾಯು ಸೆಡೆತು ಬೀಳುವುದೂ ಹೆಚ್ಚುತ್ತದೆ. ಟಿಎಸ್‌ಎಚ್ ಸಹಜದ ಒಳಗಿದ್ದರೆ ನಿಶ್ಚಿಂತೆಯಿಂದ ನುಂಗಿ, ವರ್ಷಕ್ಕೊಮ್ಮೆ ನೋಡಿಸಿ.

"ನಮ್ಮವ್ವಗ 76 ವರ್ಷ. ಟಿಎಸ್‌ಎಚ್ 6.2 ಬಂದೈತ್ರಿ. ಚಾಲೂ ಮಾಡಬೇಕೇನ್ರಿ?"

ಟಿ-4 ಸಹಜವಿದ್ದರೆ ಅವಸರ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಿಸಿ, ಎಷ್ಟೋ ಸಲ ತಾನೇ ಇಳಿದಿರುತ್ತದೆ. ಈ ವಯಸ್ಸಿಗೆ ಟಿಎಸ್‌ಎಚ್ ತುಸು ಮೇಲಿರುವುದು ಸಹಜವೇ. 65 ದಾಟಿದ 737 ಮಂದಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥವರಿಗೆ ಗುಳಿಗೆ ಕೊಟ್ಟದ್ದರಿಂದ ಸುಸ್ತಿನಲ್ಲಿ ಲಾಭವೇನೂ ಕಾಣಲಿಲ್ಲ. 10 ದಾಟಿದರೆ ಮಾತು ಬೇರೆ.

"ಗೋಬಿ, ಸಜ್ಜಿ ರೊಟ್ಟಿ ಬಿಡ್ರಿ ಅಂತಾರು?"

ಅಯೋಡಿನ್ ತೀರಾ ಕಡಿಮೆ ಇರುವ ಕಡೆ ಸಜ್ಜೆಯನ್ನೇ ಮೂರೂ ಹೊತ್ತು ತಿನ್ನುವವರಲ್ಲಿ ಗಳಗಂಡ ಹೆಚ್ಚು ಕಂಡದ್ದು ನಿಜ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದರೆ ಏನೂ ಆಗುವುದಿಲ್ಲ. ಬೇಯಿಸಿದ ಗೋಬಿಯೂ ಅಷ್ಟೇ.

"ಆರು ತಿಂಗಳಿಗೊಮ್ಮೆ ಎಲುಬಿನ ಇಂಜೆಕ್ಷನ್ ಹಾಕಸ್ತಿದ್ವಿ. ಮನಿಯಾಗ ಮದುವಿ ಇತ್ತು, ಈ ಸಲ ತಪ್ಪೇತ್ರಿ."

ಆರು ತಿಂಗಳದ್ದು ಎಂದರೆ ಡೆನೊಸುಮ್ಯಾಬ್ ಇರಬೇಕು, 60 ಮಿ.ಗ್ರಾಂ. ಹೊಟ್ಟೆಯ ಚರ್ಮದಡಿ ಅಥವಾ ತೋಳಿಗೆ ಹಾಕುತ್ತಾರೆ. ವರ್ಷಕ್ಕೊಮ್ಮೆ ಸಲೈನಿನಲ್ಲಿ ಕೊಡುವ ಜೊಲೆಡ್ರೋನೇಟ್ ಒಂದೆರಡು ತಿಂಗಳು ತಡವಾದರೆ ಅಂಥ ಕೇಡಿಲ್ಲ, ಅದು ಎಲುಬಿನೊಳಗೆ ಉಳಿದಿರುತ್ತದೆ. ಡೆನೊಸುಮ್ಯಾಬ್ ಉಳಿಯುವುದಿಲ್ಲ. ಅದರ ಪ್ರಭಾವ ಇಳಿದ ಕೂಡಲೇ ತಡೆದಿಟ್ಟಿದ್ದ ಅಗೆತವೆಲ್ಲ ಒಮ್ಮೆಲೇ ಶುರುವಾಗಿ ಬೆನ್ನೆಲುಬಿನ ಎರಡು ಮೂರು ಮಣಿಗಳು ಒಟ್ಟಿಗೇ ಕುಸಿದ ಉದಾಹರಣೆಗಳಿವೆ. ಹೊಸದಾಗಿ ಬೆನ್ನುನೋವು ಬಂದಿದೆಯೇ ನೋಡಿ; ಬಂದಿದ್ದರೆ ಎಕ್ಸ್‌ರೇ ಮೊದಲು. ಇಲ್ಲದಿದ್ದರೆ ನಾಳೆಯೇ ರಕ್ತದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾಡಿಸಿ, ಸರಿ ಇದ್ದರೆ ಇದೇ ವಾರ ಹಾಕಿಸಿಕೊಳ್ಳಿ. ಖರ್ಚಿನಿಂದಲೋ ಬೇರೆ ಕಾರಣದಿಂದಲೋ ಮುಂದೆ ನಿಲ್ಲಿಸುವುದೇ ಆದರೆ ಬರಿಗೈಯಲ್ಲಿ ನಿಲ್ಲಿಸಬೇಡಿ, ಅದರ ಬದಲಿಗೆ ಜೊಲೆಡ್ರೋನೇಟ್ ಅಥವಾ ವಾರದ ಗುಳಿಗೆ ಬರೆಸಿಕೊಂಡೇ ಬಿಡಿ.